ನಂದೀಶನ ಗೇಜು, ಶ್ವೇತಳ ಮಾತ್ರೆ

ಹುತ್ತೂರಿನ ಸುತ್ತಮುತ್ತ ಯಾರ ಟೊಮೆಟೊ ತೋಟದಲ್ಲಿ ಡ್ರಿಪ್ ಪೈಪು ಕಟ್ಟಿಕೊಂಡರೂ ಮೊದಲ ಫೋನು ಹೋಗುವುದು ನಂದೀಶನಿಗೆ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗುಣ ನಿಮಗೆ ಗೊತ್ತೇ ಇದೆ. ಪಾತಾಳದಿಂದ ಎತ್ತಿದ ನೀರು, ಮೈಯೆಲ್ಲ ಉಪ್ಪು. ಹಾಗೇ ಬಿಟ್ಟರೆ ಪೈಪಿನ ಸಣ್ಣ ತೂತುಗಳಲ್ಲಿ ಬೆಳ್ಳಗೆ ಗಟ್ಟಿ ಕಟ್ಟುತ್ತದೆ. ನೀರಿಗೆ ದಾರಿ ಇಲ್ಲದೆ ಒಳಗೆ ಒತ್ತಡ ಏರಿ ಜಾಯಿಂಟುಗಳು ಕಿತ್ತುಕೊಳ್ಳುತ್ತವೆ. ಆಗ ನಂದೀಶ ಬಂದು ಪೈಪಿನೊಳಗೆ ಹದವಾಗಿ ಆಸಿಡ್ ಬಿಡುತ್ತಾನೆ, ಉಪ್ಪು ಕರಗಿಸಿ ತೊಳೆಯುತ್ತಾನೆ. ಒತ್ತಡ ತೋರಿಸುವ ಗೇಜಿನ ಮುಳ್ಳು ತನ್ನ ಜಾಗಕ್ಕೆ ಬಂದು ನಿಂತಿತೋ, ಆಸಿಡ್ ಬಂದ್.

"ಮುಳ್ಳು ಸರಿಹೋದ್ಮೇಲೆ ಇನ್ನೊಂದು ಹನಿ ಬಿಟ್ರೂ ಗಿಡದ ಬೇರು ಸುಡ್ತದೆ ಸ್ವಾಮಿ" ಎಂದು ತೋಟದವರಿಗೆಲ್ಲ ಪಾಠ ಹೇಳುತ್ತಾನೆ. ತೋಟದ ಮಟ್ಟಿಗೆ ಈ ಪಾಠ ನೂರಕ್ಕೆ ನೂರು ನಿಜ. ಅದನ್ನೇ ಮನೆಗೂ ತಂದನಲ್ಲ, ಅಲ್ಲಿ ಎಡವಿದ.

ಮನೆಯಲ್ಲಿ ಹೆಂಡತಿ ಶ್ವೇತ, ತಾಯಿ ಮುನಿಗಂಗಮ್ಮ. ಶ್ವೇತ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಹುಡುಗಿ, ವಿಗ್ರಹ ಕೆತ್ತುವ ಚನ್ನರಾಯಪ್ಪನವರ ಮಗಳು. ಚೊಚ್ಚಲ ಬಸುರಿ. ಅವಳು ಕೆಮ್ಮಿದರೆ ನಂದೀಶ ಬಿಸಿನೀರು ಹಿಡಿದು ಓಡಿ ಬರುತ್ತಿದ್ದ. ಮುನಿಗಂಗಮ್ಮನಂತೂ ಸೊಸೆಯ ಕೈಯಿಂದ ಪೊರಕೆ ಕಿತ್ತುಕೊಂಡು ಎಷ್ಟೋ ದಿನವಾಗಿತ್ತು. "ಅಲ್ಲಾ ಅತ್ತೆ, ನಾನೇನು ಗಾಜಿನ ಗೊಂಬೆನಾ?" ಎಂದು ಶ್ವೇತ ನಗುತ್ತಿದ್ದಳು.

ಆರು ತಿಂಗಳು ತುಂಬುವ ಹೊತ್ತಿಗೆ ಒಂದು ದಿನ ಊರಿನ ಉಪಕೇಂದ್ರದಲ್ಲಿ ತಪಾಸಣೆ ನಡೆಯಿತು. ಅಲ್ಲಿಯ ನರ್ಸ್ ತ್ರಿವೇಣಿ ಇದೇ ಬೀದಿಗೆ ಸೊಸೆಯಾಗಿ ಬಂದವಳು. ಶ್ವೇತಳ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದಳು. ನೂರೈವತ್ತು, ನೂರು.

"ನೂರಾನಲವತ್ತು, ತೊಂಬತ್ತು ದಾಟಿದ್ರೇನೇ ನಾವು ಹುಷಾರಾಗ್ಬೇಕು" ಎಂದಳು ತ್ರಿವೇಣಿ. ಮೂತ್ರ ಪರೀಕ್ಷೆಯೂ ಆಯಿತು. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಲ್ಯಾಬೆಟಲಾಲ್ ಎಂಬ ಮಾತ್ರೆ ಬರೆದರು. ಬೆಳಗ್ಗೆ ಒಂದು, ಸಂಜೆ ಒಂದು.

ಮನೆಗೆ ಬಂದಾಗ ಮುನಿಗಂಗಮ್ಮ ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಬಸುರಿ ಹೆಂಗಸಿಗೆ ಬಿಪಿ ಮಾತ್ರೆನಾ? ನಾನು ಇವನನ್ನ ಹೊತ್ತಾಗ ಯಾವ ಬಿಪಿ ನೋಡಿದ್ರು, ಯಾವ ಮಾತ್ರೆ ಕೊಟ್ರು?"

"ನೋಡಿದ್ರಲ್ವಾ ಅತ್ತೆ, ಇತ್ತೋ ಇಲ್ವೋ ಗೊತ್ತಾಗೋದು?" ತ್ರಿವೇಣಿ ನಕ್ಕಳು. "ಇದು ಬಸುರಿಯರಿಗೆ ಅಂತಲೇ ನೋಡಿ ಕೊಡೋ ಮಾತ್ರೆ. ಮಗೂಗೆ ತೊಂದ್ರೆ ಆಗಬಾರದು ಅಂತಲೇ ಕೊಡೋದು. ಒಂದು ಹೊತ್ತೂ ತಪ್ಪಿಸ್ಬೇಡಿ."

ನಂದೀಶ ತಪ್ಪಿಸಲಿಲ್ಲ. ಕೈಯಾರೆ ಬಿಡಿಸಿ ಕೊಟ್ಟ. ಮುಂದಿನ ತಪಾಸಣೆಯಲ್ಲಿ ಬಿಪಿ ನೂರಿಪ್ಪತ್ತೆಂಟು, ಎಂಬತ್ತೆರಡು. ಎಲ್ಲರ ಮುಖದಲ್ಲೂ ನಗು. ಕೆಟ್ಟಿದ್ದೆಲ್ಲ ಅಲ್ಲಿಂದಲೇ ಶುರುವಾಯಿತು ನೋಡಿ.

ಸಂಜೆ ಶ್ವೇತ ಮಾತ್ರೆಗೆ ಕೈ ಚಾಚಿದಾಗ ನಂದೀಶ ಪಟ್ಟಿಯನ್ನು ಎತ್ತಿ ಅಟ್ಟಣಿಗೆಯ ಮೇಲಿಟ್ಟ.

"ಯಾಕ್ರೀ?"

"ಮುಳ್ಳು ಸರಿಹೋಯ್ತಲ್ಲ ಕಣೇ. ಲೈನ್ ಕ್ಲೀನಾಯ್ತು. ಇನ್ನೂ ಬಿಡ್ತಾ ಇದ್ರೆ ಮಗೂಗೆ ಪೆಟ್ಟು ಬೀಳ್ತದೆ."

"ಡಾಕ್ಟ್ರು ನಿಲ್ಸಿ ಅಂದ್ರಾ?"

"ಅವರು ಎಲ್ಲಾ ಬಿಡಿಸಿ ಹೇಳ್ತಾರಾ? ಪ್ರೆಷರ್ ವಿಷಯ ನನಗೆ ಬಿಡು."

ಶ್ವೇತ ಗಂಡನ ಮುಖ ನೋಡಿದಳು. ಅಲ್ಲಿ ಪ್ರೀತಿಯೂ ಇತ್ತು, ಹತ್ತು ವರ್ಷ ಡ್ರಿಪ್ ಲೈನು ರಿಪೇರಿ ಮಾಡಿದ ಧೈರ್ಯವೂ ಇತ್ತು. ಮುನಿಗಂಗಮ್ಮ ಒಳಗಿನಿಂದಲೇ "ಒಳ್ಳೇದಾಯ್ತು ಬಿಡು" ಎಂದರು. ಮೂವರ ಮನೆಯಲ್ಲಿ ಇಬ್ಬರು ಒಪ್ಪಿದ ಮೇಲೆ ಮೂರನೆಯವಳು ಏನು ಮಾಡಿಯಾಳು? ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಏಳನೇ ತಿಂಗಳಲ್ಲಿ ಬಳೆ ತೊಡಿಸುವ ಶಾಸ್ತ್ರ. ಚನ್ನರಾಯಪ್ಪ ದಂಪತಿ ಶಿವಾರಪಟ್ಟಣದಿಂದ ಹಣ್ಣು, ಹೂವು, ಹಸಿರು ಸೀರೆ ಹೊತ್ತು ಬಂದರು. ಶಾಸ್ತ್ರ ಮುಗಿದ ಮೇಲೆ ಮಗಳನ್ನು ಹೆರಿಗೆಗೆ ಕರೆದೊಯ್ಯುವುದೆಂದು ಮಾತಾಗಿತ್ತು. ಶ್ರೀನಿವಾಸಪುರದ ಕಡೆಯಿಂದ ಬಳೆಗಾರ್ತಿ ವೆಂಕಟರತ್ನಮ್ಮ ಬಂದು ಪಡಸಾಲೆಯಲ್ಲಿ ಬುಟ್ಟಿ ಬಿಚ್ಚಿದರು. ಶ್ವೇತಳ ಮದುವೆಗೂ ಅವರೇ ಬಳೆ ತೊಡಿಸಿದ್ದು, ಅಳತೆ ನೆನಪಿತ್ತು. ಅದೇ ಅಳತೆಯ ಹಸಿರು ಬಳೆ ತೆಗೆದು ಕೈ ಹಿಡಿದರು.

ಎಡಗೈಗೆ ಒಂದು ಬಳೆ ಹೇಗೋ ಏರಿತು. ಎರಡನೆಯದು ಗೆಣ್ಣಿನ ಹತ್ತಿರವೇ ನಿಂತಿತು. ವೆಂಕಟರತ್ನಮ್ಮ ಅಂಗೈ ಒತ್ತಿದರು, ಬೆರಳು ಮಡಿಸಿದರು, ಬಳೆ ಚಟ್ಟನೆ ಒಡೆಯಿತು.

"ಏಮಮ್ಮಾ ಇದಿ? ಚೇತುಲು ವಾಚಿನಾಯಿ ಕದಾ!" ಎಂದವರು ಕೂಡಲೇ ಕನ್ನಡಕ್ಕೆ ತಿರುಗಿದರು. "ಕೈ ಇಷ್ಟು ಊದಿದೆಯಲ್ಲಮ್ಮಾ!"

"ಮೈ ತುಂಬ್ಕೊಂಡಿದಾಳೆ ನನ್ನ ಸೊಸೆ" ಎಂದರು ಮುನಿಗಂಗಮ್ಮ, ಹೆಮ್ಮೆಯಿಂದ. "ಚೆನ್ನಾಗಿ ತಿನ್ನಿಸ್ತಾ ಇದೀನಿ. ದೊಡ್ಡ ಅಳತೆದು ತೆಗಿ."

ಶ್ವೇತಳಿಗೆ ಬೆಳಗ್ಗೆಯಿಂದ ತಲೆ ಸಿಡಿಯುತ್ತಿತ್ತು. ಶಾಸ್ತ್ರದ ದಿನ ಯಾಕೆ ಹೇಳಲಿ ಎಂದು ನುಂಗಿಕೊಂಡಿದ್ದಳು. ಈಗ ಬುಟ್ಟಿಯ ಬಳೆಗಳು ಕಣ್ಣ ಮುಂದೆ ಎರಡೆರಡಾಗಿ ಕಂಡವು, ಚುಕ್ಕಿ ಚುಕ್ಕಿ ಮಿನುಗಿದವು. ಮೆಲ್ಲಗೆ ಗೋಡೆಗೆ ಒರಗಿ, "ರೀ, ಕಣ್ಣು ಮಂಜಾಗ್ತಾ ಇದೆ" ಎಂದಳು.

ಬಾಳೆ ಎಲೆ ಜೋಡಿಸುತ್ತಿದ್ದ ನಂದೀಶ ಎಲೆ ಬಿಟ್ಟು ಓಡಿ ಬಂದ. ಮುನಿಗಂಗಮ್ಮ ಒಳಕ್ಕೆ ಹೋಗಿ ತಮ್ಮ ಡಬ್ಬಿ ತಂದರು. ಅವರಿಗೂ ಬಿಪಿ ಇತ್ತು, ದಿನಾ ಮಾತ್ರೆ ನುಂಗುತ್ತಿದ್ದರು. "ನಂದೊಂದು ಕೊಡ್ತೀನಿ ತಾಯಿ, ಬಾಯಿ ತೆಗಿ."

"ಅತ್ತೇ, ಬೇಡ!" ಅರಿಸಿನ ಕುಂಕುಮಕ್ಕೆ ಬಂದಿದ್ದ ತ್ರಿವೇಣಿ ಬಾಗಿಲಲ್ಲೇ ಕೂಗಿದಳು. "ನಿಮ್ಮ ಮಾತ್ರೆ ಬೇರೆ, ಅವಳದು ಬೇರೆ. ದೊಡ್ಡೋರು ತಗೊಳ್ಳೋ ಕೆಲವು ಬಿಪಿ ಮಾತ್ರೆ ಹೊಟ್ಟೇಲಿರೋ ಮಗುವಿನ ಕಿಡ್ನಿ ಕೆಡಿಸ್ತವೆ."

ಎದುರಿಗಿದ್ದ ತ್ರಿವೇಣಿಯ ಮನೆಯಿಂದ ಬಿಪಿ ಯಂತ್ರ ಬಂತು. ತ್ರಿವೇಣಿ ಪಟ್ಟಿ ಸುತ್ತಿದಳು. ನೂರಾ ಅರವತ್ತಾರು, ನೂರಾ ಹನ್ನೆರಡು.

"ಶ್ವೇತಾ, ಮಾತ್ರೆ ತಗೋತಿದ್ದೀಯಾ?"

ಶ್ವೇತ ಗಂಡನ ಕಡೆ ನೋಡಿದಳು. ನಂದೀಶ ಅಟ್ಟಣಿಗೆಯತ್ತ ಕೈ ತೋರಿಸಿದ. "ನಾನೇ ನಿಲ್ಲಿಸ್ದೆ. ಸರಿ ಹೋಗಿತ್ತಲ್ಲ..."

ಬೈಯಲು ಅದು ಹೊತ್ತಲ್ಲ ಎಂದು ತ್ರಿವೇಣಿಗೆ ಗೊತ್ತಿತ್ತು. ಆಗಲೇ ನೂರಾ ಎಂಟಕ್ಕೆ ಫೋನು ಮಾಡುತ್ತಿದ್ದಳು. ಶ್ವೇತಳನ್ನು ಎಡಮಗ್ಗುಲಾಗಿ ಮಲಗಿಸಿದಳು. ಒಡೆದ ಬಳೆಯ ಚೂರನ್ನು ಬಳಿದು ಹಾಕುತ್ತ ವೆಂಕಟರತ್ನಮ್ಮ, "ಮಿಕ್ಕ ಬಳೆ ನನ್ನ ಹತ್ರಾನೇ ಇರ್ತವೆ ತಾಯಿ. ಹೋಗಿ ಬಾ, ಬಂದು ತೊಡುವೆಯಂತೆ" ಎಂದರು.

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರ್ ಸುಮೇಧಾ ತಡಮಾಡಲಿಲ್ಲ. ಒತ್ತಡ ಇಳಿಸುವ ಔಷಧಿ, ಫಿಟ್ಸ್ ಬಾರದಂತೆ ಮೆಗ್ನೀಷಿಯಂ ಇಂಜೆಕ್ಷನ್. ಶ್ವೇತಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದರು. ಹೊರಗೆ ನಂದೀಶ, ಮುನಿಗಂಗಮ್ಮ, ತ್ರಿವೇಣಿ. ಬೀಗರು ಬಸ್ಸಿನಲ್ಲಿ ಬರುತ್ತಿದ್ದರು.

ಮುನಿಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ಸೆರಗು ತೆಗೆದು ತ್ರಿವೇಣಿಯ ಕಡೆ ತಿರುಗಿದರು. "ನಮ್ಮ ಮುನಿಲಕ್ಷ್ಮಿಗೂ ಹಿಂಗೇ ಕೈಕಾಲು ಊದಿತ್ತು ತ್ರಿವೇಣಿ. ನನ್ನ ತಂಗಿ. ಮುಳಬಾಗಿಲ ಕಡೆ ಕೊಟ್ಟಿದ್ವಿ. ಮೈ ತುಂಬ್ಕೊಂಡಿದಾಳೆ ಅಂತ ಎಲ್ರೂ ಖುಷಿ ಪಟ್ಟಿದ್ವಿ. ಒಂದಿನ ಫಿಟ್ಸ್ ಬಂತು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿದ್ವಿ. ಇಬ್ರೂ ಉಳೀಲಿಲ್ಲ. ಇವತ್ತೂ ಅದೇ ಮಾತು ನನ್ನ ಬಾಯಲ್ಲಿ ಬಂತಲ್ಲ, ಮೈ ತುಂಬ್ಕೊಂಡಿದಾಳೆ ಅಂತ!"

ನಂದೀಶನಿಗೆ ಚಿಕ್ಕಮ್ಮನ ಹೆಸರು ಗೊತ್ತಿತ್ತು, ಹೇಗೆ ಹೋದಳೆಂದು ಗೊತ್ತಿರಲಿಲ್ಲ. ತಾಯಿಯ ಪಕ್ಕದಲ್ಲಿ ಹೋಗಿ ಕೂತ. "ನಾನು ಅವಳ ಒಳ್ಳೇದಕ್ಕೇ ನಿಲ್ಲಿಸಿದ್ದು ತ್ರಿವೇಣಮ್ಮ" ಎನ್ನುತ್ತ ತನ್ನ ಆಸಿಡ್, ಗೇಜು, ಬೇರು ಎಲ್ಲವನ್ನೂ ಹೇಳಿಬಿಟ್ಟ. ತ್ರಿವೇಣಿ ನಗಲಿಲ್ಲ, ಪೂರ್ತಿ ಕೇಳಿಸಿಕೊಂಡಳು.

"ಬನ್ನಿ ಇಲ್ಲಿ" ಎಂದು ಇಬ್ಬರನ್ನೂ ಅಂಗಳಕ್ಕೆ ಕರೆದಳು. ಅಲ್ಲಿ ಹೂಗಿಡಗಳಿಗೆ ಮೆತ್ತನೆಯ ರಬ್ಬರ್ ಪೈಪಿನಲ್ಲಿ ನೀರು ಬಿಟ್ಟಿದ್ದರು. "ನಂದೀಶಣ್ಣ, ಈ ಪೈಪನ್ನ ಮುಷ್ಟಿಯಲ್ಲಿ ಹಿಡೀರಿ. ಇನ್ನೂ ಬಿಗಿಯಾಗಿ."

ನಂದೀಶ ಹಿಡಿದ. ನೀರು ಸಣ್ಣ ಎಳೆಯಾಯಿತು.

"ಈ ಪೈಪಲ್ಲಿ ಉಪ್ಪು ಕಟ್ಟಿದೆಯಾ?"

"ಎಲ್ಲಿ ಕಟ್ಟಿದೆ? ನಾನು ಹಿಡಿದಿದೀನಲ್ಲ."

"ಹೂಂ. ಅತ್ತೆ, ನೀವು ಇವರ ಬೆರಳು ಬಿಡಿಸಿ. ನಂದೀಶಣ್ಣ, ನೀವು ಮಾತ್ರ ಬಿಗಿ ಬಿಡಬೇಡಿ."

ಮುನಿಗಂಗಮ್ಮ ಮಗನ ಬೆರಳುಗಳನ್ನು ಒಂದೊಂದಾಗಿ ಎತ್ತಿ ಹಿಡಿದರು. ನೀರು ದಪ್ಪಗೆ ಹರಿಯಿತು.

"ಈಗ ನೀರು ಸಲೀಸಾಗಿ ಹೋಗ್ತಿದೆ ಅಲ್ವಾ? ಹಂಗಾದ್ರೆ ಅತ್ತೆ ಕೆಲಸ ಮುಗೀತು. ಅತ್ತೆ, ಕೈ ತೆಗೀರಿ."

ಅವರು ಕೈ ತೆಗೆದರು. ಮಗನ ಮುಷ್ಟಿ ತಂತಾನೇ ಮುಚ್ಚಿಕೊಂಡಿತು. ನೀರು ಮತ್ತೆ ಎಳೆಯಾಯಿತು.

ನಂದೀಶ ತನ್ನ ಕೈಯನ್ನೇ ನೋಡುತ್ತ ನಿಂತ. ತ್ರಿವೇಣಿ ಮೆಲ್ಲಗೆ ಹೇಳಿದಳು: "ನಮ್ಮ ಮೈಯೊಳಗಿನ ರಕ್ತನಾಳ ನಿಮ್ಮ ಪ್ಲಾಸ್ಟಿಕ್ ಪೈಪಲ್ಲ ಅಣ್ಣ. ಅದಕ್ಕೆ ಜೀವ ಇದೆ. ಅದರ ಗೋಡೆ ಬಿಗಿಯಾಗುತ್ತೆ, ಸಡಿಲ ಆಗುತ್ತೆ. ಒಳಗಡೆ ತೆಳ್ಳಗೆ ಒಂದು ಪದರ ಇದೆ, ಸಡಿಲಾಗು ಅಂತ ಗೋಡೆಗೆ ಹೇಳೋದು ಅದೇ. ಬಸುರಿಯಲ್ಲಿ ನಾಳ ಇನ್ನೂ ಸಡಿಲ ಆಗಬೇಕು, ಮಗೂಗೂ ರಕ್ತ ಹೋಗಬೇಕಲ್ಲ. ಕೆಲವರಿಗೆ ಹೊಟ್ಟೆಯೊಳಗೆ ಮಗೂಗೆ ಆಹಾರ ಮುಟ್ಟಿಸೋ ಮಾಸು ಸರಿಯಾಗಿ ಬೇರು ಬಿಟ್ಟಿರಲ್ಲ. ಅಂಥ ಮಾಸಿನಿಂದ ಬರೋ ಕೆಲವು ಅಂಶ ಆ ಪದರಾನ ಕೆಡಿಸ್ತವೆ. ಆಗ ನಾಳ ಹಿಂಗೇ ಬಿಗಿಯಾಗುತ್ತೆ. ಒತ್ತಡ ಏರುತ್ತೆ. ಮಿದುಳು, ಕಿಡ್ನಿ, ಲಿವರ್‌ಗೆಲ್ಲಾ ಏಟು. ಮಗೂಗೂ ರಕ್ತ ಸಾಲಲ್ಲ."

"ಮತ್ತೆ ಮಾತ್ರೆ?"

"ಮಾತ್ರೆ ಅತ್ತೆ ಕೈ ಇದ್ದಂಗೆ. ಬೆರಳು ಎತ್ತಿ ಹಿಡಿಯುತ್ತೆ, ಅಷ್ಟೇ. ಹಿಡಿತದ ಮೂಲ ಇನ್ನೂ ಹೊಟ್ಟೆಯೊಳಗೇ ಇದೆ. ಹೆರಿಗೆಯಾಗಿ ಮಾಸು ಹೊರಗೆ ಬಂದ್ಮೇಲೇ ಅದು ಇಳಿಯೋಕೆ ಶುರು. ಅಲ್ಲಿವರೆಗೂ ಕೈ ತೆಗೆಯೋ ಹಂಗಿಲ್ಲ. ನಿಮ್ಮ ಆಸಿಡ್ ಉಪ್ಪನ್ನ ಕರಗಿಸಿ ಹೊರಗೆ ಕಳಿಸಿಬಿಡುತ್ತೆ, ಇಲ್ಲಿ ಕರಗಿ ಹೋಗೋದು ಏನೂ ಇಲ್ಲ."

ನಂದೀಶ ಪೈಪು ಕೆಳಗಿಟ್ಟ. "ಹಂಗಾದ್ರೆ ಅವತ್ತು ಮುಳ್ಳು ಸರಿ ತೋರ್ಸಿದ್ದು..."

"ಮಾತ್ರೆ ಕೆಲಸ ಮಾಡ್ತಾ ಇದೆ ಅಂತ. ಕೆಲಸ ಮುಗೀತು ಅಂತಲ್ಲ."

ಇಷ್ಟು ಸರಳವಾದ ಮಾತು ಅವನಿಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ! ಗಂಡಸು ಆಸ್ಪತ್ರೆಯ ಅಂಗಳದಲ್ಲಿ ನಿಂತು ಅತ್ತುಬಿಟ್ಟ. ಮುನಿಗಂಗಮ್ಮ ಸೆರಗಿನಲ್ಲಿ ಅವನ ಮುಖ ಒರೆಸಿ, "ಅಳಬೇಡ ಕಣೋ. ನಾನೂ ಒಳ್ಳೇದಾಯ್ತು ಅಂದವಳೇ" ಎಂದರು.

ಸಂಜೆಯ ಹೊತ್ತಿಗೆ ಡಾಕ್ಟರ್ ಸುಮೇಧಾ ಹೊರಗೆ ಬಂದರು. "ಒತ್ತಡ ಇಳೀತಾ ಇದೆ. ಮಗುವಿನ ಎದೆಬಡಿತ ಚೆನ್ನಾಗಿದೆ. ಸ್ವಲ್ಪ ದಿನ ಇಲ್ಲೇ ಇರಲಿ. ಸರಿಯಾದ ಹೊತ್ತಿಗೆ ಕರ್ಕೊಂಡು ಬಂದ್ರಿ."

ನಂದೀಶ ಎರಡೂ ಕೈ ಮುಗಿದ. ಒಳಗೆ ಹೋದಾಗ ಶ್ವೇತ ಕಣ್ಣು ಬಿಟ್ಟು, "ಊಟ ಮಾಡಿದ್ರಾ?" ಎಂದು ಕೇಳಿದಳು. ಅವಳು ಕೇಳಿದ್ದು ಅದನ್ನೇ! ನಂದೀಶ ಒಂದೇ ಒಂದು ಹಸಿರು ಬಳೆಯಿದ್ದ ಅವಳ ಕೈಯನ್ನು ಹಿಡಿದುಕೊಂಡು ಕೂತ.

ಒತ್ತಡ ಹಿಡಿತಕ್ಕೆ ಬಂದು ಮೂತ್ರ, ರಕ್ತದ ಪರೀಕ್ಷೆಯೆಲ್ಲ ಸರಿ ಬಂದ ಮೇಲೆ ಮನೆಗೆ ಕಳಿಸಿದರು. ಲ್ಯಾಬೆಟಲಾಲ್ ಜೊತೆಗೆ ನಿಫೆಡಿಪಿನ್ ಎಂಬ ಇನ್ನೊಂದು ಮಾತ್ರೆಯೂ ಸೇರಿತ್ತು. ಹೊತ್ತು ತಪ್ಪದ ಹಾಗೆ ಏನು ಮಾಡುವುದು? ನಂದೀಶನ ಕೆಲಸ ತೋಟದ ಪಂಪಿಗೆ ಕರೆಂಟು ಬಂದಾಗ, ಅದು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ದಾರಿ ಹುಡುಕಿದವರು ಮುನಿಗಂಗಮ್ಮ. ಅವರು ಬೆಳಗ್ಗೆ, ಸಂಜೆ ಎರಡು ಹೊತ್ತು ಡೈರಿಗೆ ಹಾಲು ಹಾಕುವವರು. ಮಳೆ ಬರಲಿ, ಬಿಸಿಲಿರಲಿ, ಡೈರಿಯ ಹೊತ್ತು ತಪ್ಪುವುದಿಲ್ಲ. ಹಾಲಿನ ಕ್ಯಾನು ಕೈಯಲ್ಲಿ ಹಿಡಿದು ಹೊಸಿಲ ಮೇಲೆ ನಿಂತು, "ನುಂಗು ತಾಯಿ, ನೋಡಿಕೊಂಡೇ ಹೋಗ್ತೀನಿ" ಎನ್ನುತ್ತಿದ್ದರು. ಮಾತ್ರೆ ಗಂಟಲಿಳಿಯದೆ ಹಾಲು ಮನೆ ಬಿಟ್ಟು ಕದಲುತ್ತಿರಲಿಲ್ಲ.

ಡೈರಿಯಲ್ಲಿ ಹಾಲು ಅಳೆಯುವ ವೆಂಕಟರಾಯಪ್ಪ ಒಂದು ದಿನ, "ಏನು ಗಂಗಮ್ಮಕ್ಕಾ, ಇವತ್ತು ತಡ?" ಎಂದರು.

"ಸೊಸೆಗೆ ವಾಕರಿಕೆ ಇತ್ತಪ್ಪ. ಅವಳು ಮಾತ್ರೆ ನುಂಗಬೇಕಲ್ಲ!"

"ಬಿಪಿ ಸರಿ ಹೋಗಿದೆ ಅಂದ್ರಲ್ಲ?"

"ಸರಿ ಹೋಗಿರೋದೇ ನುಂಗ್ತಿರೋದಕ್ಕೆ" ಎಂದು ಮುನಿಗಂಗಮ್ಮ ಸಾಲಿನಲ್ಲಿದ್ದವರಿಗೆಲ್ಲ ಪೈಪಿನ ಕಥೆ ಹೇಳಿದರು. ಮಾತು ಸಾಲದೆ ವೆಂಕಟರಾಯಪ್ಪನ ಮುಷ್ಟಿಯನ್ನೇ ಹಿಡಿದು ಬಿಡಿಸಿ ತೋರಿಸಿದರಂತೆ. ಅವತ್ತು ಡೈರಿಯಲ್ಲಿ ಹಾಲು ಅಳೆಯುವುದು ತಡವಾಯಿತು.

ಹೆರಿಗೆಗೆ ತವರಿಗೆ ಕಳಿಸುವ ಮಾತು ಬಂದಾಗ ಚನ್ನರಾಯಪ್ಪನವರೇ ಬೇಡವೆಂದರು. "ಆಸ್ಪತ್ರೆ ಇಲ್ಲಿಗೇ ಹತ್ರ. ಇಲ್ಲಿನ ಡಾಕ್ಟ್ರಿಗೆ ಅವಳ ವಿಷಯ ಎಲ್ಲಾ ಗೊತ್ತು. ಅವಳಮ್ಮನೇ ಬಂದಿರ್ತಾಳೆ ಬಿಡಿ" ಎಂದರು. ವಾರವಾರ ತಪಾಸಣೆ ನಡೆಯಿತು. ಒಂಬತ್ತನೇ ತಿಂಗಳು ಬಿದ್ದ ಮೇಲೆ ಡಾಕ್ಟರು ದಿನ ಗೊತ್ತು ಮಾಡಿ ಆಸ್ಪತ್ರೆಗೆ ಸೇರಿಸಿಕೊಂಡರು. ಹೆಣ್ಣು ಮಗು. ಅಳು ಕಾರಿಡಾರಿನ ತುದಿಯವರೆಗೂ ಕೇಳಿಸಿತು.

ಹೆರಿಗೆಯಾದ ಮೊದಲ ಕೆಲವು ದಿನ ಬಿಪಿ ಮತ್ತೆ ಏರಬಹುದು, ಮಾತ್ರೆ ಮುಂದುವರಿಸಿ, ಹಾಲು ಕುಡಿಸಲು ತೊಂದರೆಯಿಲ್ಲ ಎಂದರು ಡಾಕ್ಟರ್ ಸುಮೇಧಾ. ಮನೆಗೆ ಹೊರಡುವ ದಿನ ಬಿಪಿ ನೋಡಿದರೆ ಚೆನ್ನಾಗಿಯೇ ಇತ್ತು. ನಂದೀಶ ಕೈಕಟ್ಟಿ ನಿಂತು ಹೇಳಿದ: "ಮೇಡಂ, ಮುಳ್ಳು ಸರಿ ತೋರಿಸ್ತಾ ಇದೆ. ಆದ್ರೂ ನೀವು ಹೇಳೋವರ್ಗೂ ನಾನು ಒಂದು ಮಾತ್ರೆನೂ ನಿಲ್ಸಲ್ಲ."

ಡಾಕ್ಟರು ನಕ್ಕರು. ಕೆಲವು ವಾರ ಕಳೆದು ಅವರೇ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿ ನಿಲ್ಲಿಸಿದರು.

ನಾಮಕರಣದ ದಿನ ಕರೆಯದೆಯೇ ಬಂದರು ವೆಂಕಟರತ್ನಮ್ಮ. ಬುಟ್ಟಿಯ ತಳದಿಂದ ಕಾಗದದಲ್ಲಿ ಸುತ್ತಿಟ್ಟ ಹಸಿರು ಬಳೆ ತೆಗೆದರು. ಶ್ವೇತಳ ಕೈ ಒತ್ತುವ ಕೆಲಸವೇ ಬೀಳಲಿಲ್ಲ. ಬಳೆಗಳು ಒಂದರ ಹಿಂದೊಂದು ಸರಾಗವಾಗಿ ಜಾರಿ ಮೊದಲಿನ ಒಂಟಿ ಬಳೆಯ ಪಕ್ಕ ಕೂತವು. ಮುನಿಗಂಗಮ್ಮ ಮೊಮ್ಮಗಳನ್ನು ಎದೆಗೆ ಒತ್ತಿಕೊಂಡು, "ಲಕ್ಷ್ಮಿ ಅಂತ ಕರೀತೀವಿ. ನನ್ನ ತಂಗಿ ಹೆಸರು ಇವಳಿಗೆ ಇರಲಿ" ಎಂದರು. ಯಾರೂ ಬೇರೆ ಹೆಸರು ಹೇಳಲಿಲ್ಲ.

ನಂದೀಶ ಈಗಲೂ ಡ್ರಿಪ್ ರಿಪೇರಿಗೆ ಹೋಗುತ್ತಾನೆ. ಮುಳ್ಳು ಸರಿಯಾದ ಮೇಲೆ ಆಸಿಡ್ ನಿಲ್ಲಿಸುತ್ತಾನೆ. ಆದರೆ ತೋಟದ ಮನೆಯಲ್ಲಿ ಬಸುರಿ ಹೆಂಗಸು ಕಂಡರೆ ಸಾಮಾನು ಕಟ್ಟುವ ಮುಂಚೆ ಒಂದು ಮಾತು ಕೇಳದೆ ಹೊರಡುವುದಿಲ್ಲ: "ಬಿಪಿ ನೋಡಿಸಿದ್ರಾ?"

ಓದುತ್ತಿರುವ ಅಕ್ಕ, ಅಣ್ಣ, ಅಮ್ಮ, ಅದೇ ಮಾತನ್ನು ನಾವು ನಿಮಗೂ ಕೇಳುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಪ್ರತಿ ತಪಾಸಣೆಯಲ್ಲೂ ಬಿಪಿ ಮತ್ತು ಮೂತ್ರ ನೋಡಿಸಿ. ಏರಿದ ಬಿಪಿ ಎಷ್ಟೋ ಸಲ ಸದ್ದಿಲ್ಲದೆ ಇರುತ್ತದೆ. ವಿಪರೀತ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ಹೊಟ್ಟೆನೋವು, ಮುಖ ಕೈ ದಿಢೀರನೆ ಊದುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ, ನೂರಾ ಎಂಟಕ್ಕೆ ಕರೆ ಮಾಡಿ. ಬೇರೆಯವರ ಬಿಪಿ ಮಾತ್ರೆ ಕೊಡಬೇಡಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಬಿಪಿ ಸರಿಯಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಅನುಮಾನವಿದ್ದರೆ ನರ್ಸನ್ನು ಕೇಳಿ, ಆಶಾ ಕಾರ್ಯಕರ್ತೆಯನ್ನು ಕೇಳಿ, ಬೈದಾರೆಂದು ಹೆದರಬೇಡಿ.

ಬಸುರಿಯ ರಕ್ತನಾಳ ಹಿಂಡುವ ಬೆರಳುಗಳನ್ನು ಬಿಡಿಸಿ ಹಿಡಿದಿರುವ ಕೈ ಆ ಪುಟ್ಟ ಮಾತ್ರೆ. ಡಾಕ್ಟರು ಹೇಳುವ ಮುಂಚೆ ಆ ಕೈಯನ್ನು ತೆಗೆಯಬೇಡಿ.